ಡಾಕ್ಟರೇಟ್ ಇಲ್ಲದ ವಿಜ್ಞಾನಿ ಅನ್ನಾ ಮಣಿ

ಬಿಎಸ್ಸಿ ಮುಗಿದ ಮೇಲೆ ಮುಂದೇನು ಎಂಬ ಪ್ರಶ್ನೆ ನಿಮ್ಮಲ್ಲಿ ಅನೇಕರನ್ನು ಕಾಡುತ್ತಿರಬಹುದು. ಎಂಎಸ್ಸಿ ಮಾಡಬೇಕೇ, ಸಂಶೋಧನೆಗೆ ಇಳಿಯಬೇಕೇ, ಪಿಎಚ್‌ಡಿ ಎನ್ನುವುದು ನಮ್ಮಂಥವರಿಗೆ ಎಟುಕುವಂಥದ್ದೇ ಎಂದು ನೀವು ಯೋಚಿಸಿದ್ದರೆ, ಅನ್ನಾ ಮಣಿಯವರ ಜೀವನವನ್ನು ಒಮ್ಮೆ ತಿಳಿದುಕೊಳ್ಳುವುದು ಒಳ್ಳೆಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವರ್ಷಗಟ್ಟಲೆ ಸಂಶೋಧನೆ ನಡೆಸಿ, ಐದು ಲೇಖನಗಳನ್ನು ಪ್ರಕಟಿಸಿ, ಮಹಾಪ್ರಬಂಧವನ್ನೂ ಸಲ್ಲಿಸಿದ ಅವರಿಗೆ ಪಿಎಚ್‌ಡಿ ಪದವಿ ದೊರೆಯಲೇ ಇಲ್ಲ. ಆದರೂ ನಮ್ಮ ದೇಶದ ಹವಾಮಾನ ವಿಜ್ಞಾನದ ಚರಿತ್ರೆಯನ್ನು ಅವರ ಹೆಸರು ಬಿಟ್ಟು ಬರೆಯಲು ಸಾಧ್ಯವಿಲ್ಲ.

ಅನ್ನಾ ಮಣಿ 1918ರ ಆಗಸ್ಟ್ 23ರಂದು ತಿರುವಾಂಕೂರು ಸಂಸ್ಥಾನದ ಪೀರುಮೇಡಿನಲ್ಲಿ ಜನಿಸಿದರು. ಈಗ ಆ ಊರು ಕೇರಳದ ಇಡುಕ್ಕಿ ಜಿಲ್ಲೆಯಲ್ಲಿದೆ. ತಂದೆ ಎಂಜಿನಿಯರ್, ಏಲಕ್ಕಿ ತೋಟದ ಒಡೆಯರು. ಎಂಟು ಮಕ್ಕಳಲ್ಲಿ ಅನ್ನಾ ಏಳನೆಯವರು. ಅನುಕೂಲಸ್ಥ ಕುಟುಂಬವಾದರೂ ಉನ್ನತ ಶಿಕ್ಷಣವೆಲ್ಲ ಗಂಡುಮಕ್ಕಳಿಗೆ, ಮದುವೆ ಹೆಣ್ಣುಮಕ್ಕಳಿಗೆ ಎಂಬುದು ಅಂದಿನ ರೂಢಿಯಾಗಿತ್ತು. ಎಂಟನೆಯ ಹುಟ್ಟುಹಬ್ಬಕ್ಕೆ ಮನೆಯ ಪದ್ಧತಿಯಂತೆ ವಜ್ರದ ಓಲೆ ಕೊಡಲು ಬಂದಾಗ, ಅದು ಬೇಡ, ವಿಶ್ವಕೋಶದ ಸಂಪುಟಗಳನ್ನು ಕೊಡಿಸಿ ಎಂದು ಕೇಳಿದ ಹುಡುಗಿ ಆಕೆ. ಬೇಡವೆಂದ ಆ ವಜ್ರವೇ ಮುಂದೆ ಅವರ ಸಂಶೋಧನೆಯ ವಸ್ತುವಾಯಿತು.

ಮದರಾಸಿನಲ್ಲಿ ಓದಿ 1939ರಲ್ಲಿ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರದಲ್ಲಿ ಬಿಎಸ್ಸಿ ಆನರ್ಸ್ ಪಡೆದರು. 1940ರಲ್ಲಿ ವಿದ್ಯಾರ್ಥಿವೇತನ ಪಡೆದು ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಬೆಂಗಳೂರಿನ ಹಳೆಯ ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಈ ಸಂಸ್ಥೆ ಜಮ್‌ಶೆಟ್‌ಜಿ ಟಾಟಾ ಅವರ ಸಂಕಲ್ಪದಿಂದ, ಮೈಸೂರು ಅರಸರು ನೀಡಿದ 371 ಎಕರೆ ಭೂಮಿಯಲ್ಲಿ, 1909ರಲ್ಲಿ ಸ್ಥಾಪನೆಯಾದದ್ದು ಎಂಬುದು ನಿಮಗೆ ತಿಳಿದಿರಬಹುದು. ಅಲ್ಲಿ ಸರ್ ಸಿ.ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ಅನ್ನಾ ಅವರಿಗೆ ಸ್ಥಾನ ದೊರೆಯಿತು.

ಆ ಕಾಲದಲ್ಲಿ ಹೆಣ್ಣುಮಗಳೊಬ್ಬಳಿಗೆ ಅಲ್ಲಿ ಸ್ಥಾನ ಸಿಗುವುದು ಸುಲಭವಿರಲಿಲ್ಲ. 1933ರಲ್ಲಿ ರಾಮನ್ ಅವರೇ ನಿರ್ದೇಶಕರಾಗಿದ್ದಾಗ, ಮುಂಬಯಿ ವಿಶ್ವವಿದ್ಯಾಲಯದಲ್ಲಿ ಉತ್ತಮವಾಗಿ ತೇರ್ಗಡೆಯಾಗಿ ಬಂದಿದ್ದ ಕಮಲಾ ಭಾಗವತ್ ಅವರಿಗೆ ಹೆಣ್ಣೆಂಬ ಕಾರಣಕ್ಕೆ ಮೊದಲು ಪ್ರವೇಶ ನಿರಾಕರಿಸಲಾಗಿತ್ತು. ಅವರು ಹಿಂದೆ ಸರಿಯದೆ ನಿಂತ ಮೇಲೆ, ಒಂದು ವರ್ಷದ ಪರೀಕ್ಷಾ ಅವಧಿಯ ಷರತ್ತಿನ ಮೇಲೆ ಸೇರಿಸಿಕೊಂಡರು. ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನ್ ಕುರಿತ ಸಂಶೋಧನೆಗೆ ಕಮಲಾ 1936ರಲ್ಲಿ ಎಂಎಸ್ಸಿ ಪಡೆದರು. 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್‌ಡಿ ಪಡೆದರು. ಮದುವೆಯ ನಂತರ ಕಮಲಾ ಸೊಹೊನಿ ಎಂದು ಪ್ರಸಿದ್ಧರಾದವರು ಅವರೇ. ಅವರು ತೆರೆದ ಬಾಗಿಲಿನಿಂದ ಅನ್ನಾ ಮಣಿ ಒಳಬಂದರು ಎಂದರೆ ತಪ್ಪಾಗಲಾರದು.

ವಜ್ರ ಮತ್ತು ಮಾಣಿಕ್ಯದ ಮೇಲೆ ಬೆಳಕು ಬಿದ್ದಾಗ ಅವು ಹೊರಸೂಸುವ ಬೆಳಕನ್ನು ಅಳೆಯುವುದು ಅನ್ನಾ ಅವರ ಕೆಲಸವಾಗಿತ್ತು. ಮೂವತ್ತಕ್ಕೂ ಹೆಚ್ಚು ವಜ್ರಗಳನ್ನು ಅವರು ಪರೀಕ್ಷಿಸಿದರು. ದ್ರವರೂಪದ ಗಾಳಿಯಲ್ಲಿ ಹರಳನ್ನು ತಣ್ಣಗಿಟ್ಟು, ಅದರ ಕ್ಷೀಣ ಬೆಳಕು ಫೋಟೋ ಫಲಕದ ಮೇಲೆ ಮೂಡಲು 15ರಿಂದ 20 ಗಂಟೆ ಕಾಯಬೇಕಾಗುತ್ತಿತ್ತು. ಎಷ್ಟೋ ರಾತ್ರಿಗಳನ್ನು ಅವರು ಪ್ರಯೋಗಾಲಯದಲ್ಲೇ ಕಳೆದರು. ಅಲ್ಲಿ ಗಂಡುಹೆಣ್ಣು ಸಂಶೋಧಕರು ಪರಸ್ಪರ ಬೆರೆತು ಚರ್ಚಿಸುವುದಕ್ಕೂ ನಿರ್ಬಂಧವಿತ್ತು. ಹೀಗೆ ದುಡಿದು 1942ರಿಂದ 1945ರ ನಡುವೆ ತಮ್ಮೊಬ್ಬರ ಹೆಸರಿನಲ್ಲೇ ಐದು ಲೇಖನಗಳನ್ನು ಪ್ರಕಟಿಸಿದರು.

ಈಗ ಒಂದು ವಿಷಯವನ್ನು ಗಮನಿಸಿ. ಆಗ ಭಾರತೀಯ ವಿಜ್ಞಾನ ಸಂಸ್ಥೆಗೆ ಸ್ವತಃ ವಿಶ್ವವಿದ್ಯಾಲಯ ಪದವಿ ನೀಡುವ ಅಧಿಕಾರವಿರಲಿಲ್ಲ. ಅಲ್ಲಿ ಸಂಶೋಧನೆ ಮಾಡಿದವರು ಬೇರೊಂದು ವಿಶ್ವವಿದ್ಯಾಲಯಕ್ಕೆ ಪ್ರಬಂಧ ಸಲ್ಲಿಸಿ ಪದವಿ ಪಡೆಯಬೇಕಿತ್ತು. 1945ರ ಆಗಸ್ಟ್‌ನಲ್ಲಿ ಅನ್ನಾ ತಮ್ಮ ಮಹಾಪ್ರಬಂಧವನ್ನು ಮದರಾಸು ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದರು. ಅವರ ಬಳಿ ಎಂಎಸ್ಸಿ ಪದವಿ ಇಲ್ಲ, ಆದುದರಿಂದ ಪಿಎಚ್‌ಡಿ ಕೊಡಲಾಗದು ಎಂದು ವಿಶ್ವವಿದ್ಯಾಲಯ ತೀರ್ಮಾನಿಸಿತು. ಆನರ್ಸ್ ಪದವಿಯಾಗಲಿ, ಐದು ಲೇಖನಗಳಾಗಲಿ ಆ ನಿಯಮದ ಮುಂದೆ ಲೆಕ್ಕಕ್ಕೆ ಬರಲಿಲ್ಲ. ಪದವಿ ಸಿಗದ ಆ ಮಹಾಪ್ರಬಂಧ, ಪದವಿ ಪಡೆದ ಇತರರ ಪ್ರಬಂಧಗಳ ಜೊತೆಯಲ್ಲೇ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಉಳಿದಿದೆ.

ಅನ್ನಾ ಇದಕ್ಕಾಗಿ ಕೊರಗುತ್ತಾ ಕೂರಲಿಲ್ಲ. ಅದೇ ವರ್ಷ ಸರಕಾರದ ವಿದ್ಯಾರ್ಥಿವೇತನದ ಮೇಲೆ ಲಂಡನ್ನಿನ ಇಂಪೀರಿಯಲ್ ಕಾಲೇಜಿಗೆ ತೆರಳಿದರು. ಭೌತಶಾಸ್ತ್ರದಲ್ಲಿ ಮುಂದುವರಿಯುವ ಆಸೆ ಇದ್ದರೂ ದೊರೆತ ಅವಕಾಶ ಹವಾಮಾನ ಉಪಕರಣಗಳ ತರಬೇತಿಯದ್ದು. ಅದನ್ನೇ ಶ್ರದ್ಧೆಯಿಂದ ಕಲಿತು, 1948ರಲ್ಲಿ ಹಿಂದಿರುಗಿ ಪುಣೆಯಲ್ಲಿ ಭಾರತೀಯ ಹವಾಮಾನ ಇಲಾಖೆಯನ್ನು ಸೇರಿದರು.

ಸ್ವತಂತ್ರ ಭಾರತ ಆಗ ಸಾಮಾನ್ಯ ಹವಾಮಾನ ಉಪಕರಣಗಳಿಗೂ ವಿದೇಶದ ಕಡೆ ನೋಡಬೇಕಿತ್ತು. ಅನ್ನಾ ಸುಮಾರು 100 ಉಪಕರಣಗಳ ನಕಾಶೆಗಳನ್ನು ಒಂದು ಮಟ್ಟಕ್ಕೆ ತಂದು, ಅವು ಇಲ್ಲಿಯೇ ತಯಾರಾಗುವಂತೆ ಮಾಡಿದರು. 1953ರ ವೇಳೆಗೆ ನೂರಕ್ಕೂ ಹೆಚ್ಚು ಪುರುಷರು ದುಡಿಯುತ್ತಿದ್ದ ವಿಭಾಗಕ್ಕೆ ಅವರೇ ಮುಖ್ಯಸ್ಥೆ. ತಪ್ಪು ಅಳತೆ ಕೊಡುವ ಉಪಕರಣ ಇರುವುದಕ್ಕಿಂತ ಇಲ್ಲದಿರುವುದೇ ಮೇಲು ಎಂಬುದು ಅವರ ನಿಲುವು. 1957-58ರ ಅಂತಾರಾಷ್ಟ್ರೀಯ ಭೂಭೌತ ವರ್ಷದ ಸಂದರ್ಭದಲ್ಲಿ ಸೂರ್ಯನ ವಿಕಿರಣವನ್ನು ಅಳೆಯುವ ಕೇಂದ್ರಗಳ ಜಾಲವನ್ನು ದೇಶದಲ್ಲಿ ಸ್ಥಾಪಿಸಿದರು. ಬಲೂನಿಗೆ ಕಟ್ಟಿ ಮೇಲೆ ಬಿಡುವ ಓಝೋನ್ ಮಾಪಕವನ್ನು ಭಾರತದಲ್ಲೇ ರೂಪಿಸಿದರು. 1963ರಲ್ಲಿ ವಿಕ್ರಮ್ ಸಾರಾಭಾಯಿ ಅವರ ಕೋರಿಕೆಯಂತೆ ತುಂಬಾ ರಾಕೆಟ್ ಉಡಾವಣಾ ಕೇಂದ್ರದಲ್ಲಿ ಹವಾಮಾನ ವೀಕ್ಷಣಾಲಯವನ್ನು ಸಜ್ಜುಗೊಳಿಸಿದರು.

ಉಪ ಮಹಾನಿರ್ದೇಶಕಿಯಾಗಿ 1976ರಲ್ಲಿ ನಿವೃತ್ತರಾದ ಅವರು ಮತ್ತೆ ಬೆಂಗಳೂರಿಗೆ ಬಂದರು. ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಮೂರು ವರ್ಷ ಸಂದರ್ಶಕ ಪ್ರಾಧ್ಯಾಪಕಿಯಾಗಿದ್ದರು. ಪದವಿ ಕೈತಪ್ಪಿದ ನಗರಕ್ಕೆ ಪ್ರಾಧ್ಯಾಪಕಿಯಾಗಿ ಮರಳಿದ ಈ ಸಂಗತಿಯನ್ನು ನೀವು ನೆನಪಿನಲ್ಲಿಡಿ. ಭಾರತದ ಸೌರ ವಿಕಿರಣದ ಕುರಿತು 1980 ಮತ್ತು 1981ರಲ್ಲಿ ಅವರು ಪ್ರಕಟಿಸಿದ ಎರಡು ಗ್ರಂಥಗಳು ಸೌರಶಕ್ತಿ ಕ್ಷೇತ್ರದ ಎಂಜಿನಿಯರುಗಳಿಗೆ ಆಧಾರವಾದವು. ಗಾಳಿಯ ವೇಗವನ್ನು ಅಳೆದು ಕಲೆಹಾಕಿದ ಅವರ ಮಾಹಿತಿ ಪವನ ವಿದ್ಯುತ್ತಿಗೆ ನೆಲ ಹದಗೊಳಿಸಿತು. 1987ರಲ್ಲಿ ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಕೆ.ಆರ್. ರಾಮನಾಥನ್ ಪದಕ ನೀಡಿ ಗೌರವಿಸಿತು. 2001ರ ಆಗಸ್ಟ್ 16ರಂದು ತಿರುವನಂತಪುರದಲ್ಲಿ ಅವರು ನಿಧನರಾದರು.

ಹಾಗಾದರೆ ಪದವಿಗೆ ಬೆಲೆಯೇ ಇಲ್ಲವೇ ಎಂದು ನೀವು ಕೇಳಬಹುದು. ಖಂಡಿತ ಇದೆ. ಒಂದು ಬಾಗಿಲು ಮುಚ್ಚಿದಾಗ ಇನ್ನೊಂದು ಬಾಗಿಲು ಎಲ್ಲರಿಗೂ ತೆರೆಯುವುದಿಲ್ಲ. ಅನ್ನಾ ಅವರಿಗೆ ಲಂಡನ್ನಿನ ವಿದ್ಯಾರ್ಥಿವೇತನ ಸಿಕ್ಕಿತು, ಸಿಗದೆ ಹೋಗಿದ್ದರೆ ಏನಾಗುತ್ತಿತ್ತೋ ಹೇಳಲಾಗದು. ಪದವಿ ಎನ್ನುವುದು ಮಾಡಿದ ಕೆಲಸಕ್ಕೆ ಸಿಗುವ ಸಾಕ್ಷಿ. ಸಾಕ್ಷಿ ಇಲ್ಲದಿದ್ದರೂ ಅವರ ಕೆಲಸ ಸುಳ್ಳಾಗಲಿಲ್ಲ ಎಂಬುದು ನಿಜ. ಆದರೆ ಆ ಸಾಕ್ಷಿಯನ್ನು ಕೊಡುವುದು ನಿಯಮಗಳು. ಆದುದರಿಂದ ಕೆಲಸ ಆರಂಭಿಸುವ ಮೊದಲೇ ನಿಯಮಗಳನ್ನು ತಿಳಿದಿರಬೇಕು.

ಕಾಲ ಬದಲಾಗಿದೆ. 1958ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ವಿಶ್ವವಿದ್ಯಾಲಯಕ್ಕೆ ಸಮಾನವಾದ ಸ್ಥಾನ ದೊರೆತು, ಅದು ತಾನೇ ಪದವಿ ನೀಡುತ್ತಿದೆ. ಬಿಎಸ್ಸಿ ಮುಗಿಸಿದವರು ಪ್ರವೇಶ ಪರೀಕ್ಷೆ ಮತ್ತು ಸಂದರ್ಶನದ ಮೂಲಕ ಇಂಟಿಗ್ರೇಟೆಡ್ ಪಿಎಚ್‌ಡಿಗೆ ಸೇರುವ ದಾರಿಯೂ ಅಲ್ಲಿದೆ. ಅನ್ನಾ ಅವರಿಗೆ ಇಲ್ಲದಿದ್ದ ದಾರಿ ಅದು. ಆದರೂ ಯಾವುದೇ ಸಂಶೋಧನಾ ಸಂಸ್ಥೆಗೆ ಸೇರುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಪದವಿ ಕೊಡುವವರು ಯಾರು, ಸಂಸ್ಥೆಯೇ ಅಥವಾ ಬೇರೆ ವಿಶ್ವವಿದ್ಯಾಲಯವೇ? ಅದಕ್ಕೆ ಬೇಕಾದ ಹಿಂದಿನ ಪದವಿ ನನ್ನಲ್ಲಿದೆಯೇ? ಮೊದಲ ವರ್ಷದಲ್ಲೇ ನನ್ನ ನೋಂದಣಿ ಸರಿಯಾಗಿ ಆಗಿದೆಯೇ? ಉತ್ತರ ಬಾಯಿಮಾತಿನಲ್ಲಿ ಬೇಡ, ಲಿಖಿತವಾಗಿ ಪಡೆಯಿರಿ.

ಪೋಷಕರಲ್ಲಿ ಮತ್ತು ಸಂಘದ ಹಿರಿಯರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಮಗಳು ಒಡವೆ ಬೇಡ, ಪುಸ್ತಕ ಬೇಕು ಎಂದರೆ ಕೊಡಿಸಿರಿ. ಬಿಎಸ್ಸಿ ಸಾಕೆಂದು ಅವಳ ಓದನ್ನು ನಿಲ್ಲಿಸಬೇಡಿರಿ. ವಿದ್ಯಾರ್ಥಿಗಳೇ, ನಿಯಮ ತಿಳಿದು ಹೆಜ್ಜೆ ಇಡಿ, ಹೆಜ್ಜೆ ಇಟ್ಟ ಮೇಲೆ ಅನ್ನಾ ಮಣಿಯವರಂತೆ ದುಡಿಯಿರಿ.