ಅಂಧರ ಉಪಕಾರಿಯಾದ ಲೂಯಿ ಬ್ರೈಲನು

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ಸೀಮೆಯ ಹಳ್ಳಿಗಳಲ್ಲಿ ಕಣ್ಣು ಕಾಣದ ಮಗುವನ್ನು ಪ್ರೀತಿಯಿಂದಲೇ ಜಗಲಿಯ ಮೇಲೆ ಕೂಡಿಸಿ, ಇದಕ್ಕೆ ಓದು ಎಲ್ಲಿಯದು ಎಂದು ಸುಮ್ಮನಾಗುವ ತಂದೆತಾಯಿಗಳುಂಟು. ಅಂಥವರಿಗಾಗಿ ಒಬ್ಬ ಹಳ್ಳಿಯ ಹುಡುಗನ ಚರಿತ್ರೆಯನ್ನು ಹೇಳುವೆವು.

ಫ್ರಾನ್ಸ್ ದೇಶದ ಪ್ಯಾರಿಸ್ ಪಟ್ಟಣದ ಮೂಡಲಿಗೆ ಕೂವ್ರೇ ಎಂಬ ಹಳ್ಳಿಯುಂಟು. ಅಲ್ಲಿ 1809ನೆಯ ಇಸವಿ ಜನವರಿ 4ರಲ್ಲಿ ಲೂಯಿ ಬ್ರೈಲನು ಹುಟ್ಟಿದನು. ಅವನ ತಂದೆಯು ಕುದುರೆಗಳಿಗೆ ಬೇಕಾದ ಚರ್ಮದ ಸಾಮಾನುಗಳನ್ನು ಹೊಲಿಯುವವನು. ಮೂರು ವರುಷದ ಲೂಯಿಯು ತಂದೆಯ ಬಳಿ ಆಡುತ್ತಿದ್ದಾಗ ಚರ್ಮ ಚುಚ್ಚುವ ಚೂಪಾದ ಉಳಿಯು ಜಾರಿ ಅವನ ಕಣ್ಣಿಗೆ ತಗಲಿತು. ಆ ಗಾಯದ ನಂಜು ಮತ್ತೊಂದು ಕಣ್ಣಿಗೂ ಹಬ್ಬಿದ್ದರಿಂದ ಐದನೆಯ ವರುಷದೊಳಗೆ ಅವನಿಗೆ ಬೆಳಕೇ ಇಲ್ಲವಾಯಿತು.

ಆದರೂ ತಂದೆತಾಯಿಗಳು ಅವನನ್ನು ಮೂಲೆಯಲ್ಲಿ ಕೂಡಿಸದೆ ಊರಿನ ಶಾಲೆಗೆ ಕಳುಹಿಸಿದರು. 1819ರಲ್ಲಿ ಪ್ಯಾರಿಸಿನ ಅಂಧರ ಶಾಲೆಗೆ ಸೇರಿಸಿದರು. ಅಲ್ಲಿ ಉಬ್ಬಿದ ದೊಡ್ಡ ಅಕ್ಷರಗಳ ಪುಸ್ತಕಗಳಿದ್ದವು. ಅವು ಬಹು ಭಾರವಾದವು; ಓದುವದು ನಿಧಾನ, ಆ ರೀತಿಯಲ್ಲಿ ಬರೆಯುವದಂತೂ ಅಸಾಧ್ಯ. 1821ರಲ್ಲಿ ಬಾರ್ಬಿಯೇ ಎಂಬವನು ಹನ್ನೆರಡು ಚುಕ್ಕಿಗಳ ಒಂದು ಬರಹವನ್ನು ಆ ಶಾಲೆಗೆ ತಂದನು. ಅದರ ಗುರುತುಗಳು ಬೆರಳ ತುದಿಗಿಂತ ದೊಡ್ಡವಾಗಿದ್ದವು. ಲೂಯಿಯು ಅದನ್ನು ತಿದ್ದುತ್ತಾ, 1824ರಲ್ಲಿ ತನ್ನ ಹದಿನೈದನೆಯ ವರುಷದಲ್ಲಿ, ಎರಡು ಸಾಲಿಗೆ ಮೂರರಂತೆ ಆರೇ ಚುಕ್ಕಿಗಳಿಂದ 63 ಗುರುತುಗಳಾಗುವ ಲಿಪಿಯನ್ನು ಕಂಡುಹಿಡಿದನು. ಇದನ್ನು ಬರೆಯುವವರು ಕಾಗದವನ್ನು ಚೌಕಟ್ಟಿನಲ್ಲಿಟ್ಟು ಮೊನೆಯಿಂದ ಬಲದಿಂದ ಎಡಕ್ಕೆ ಚುಚ್ಚಿ, ಹಾಳೆಯನ್ನು ತಿರುವಿ ಎಡದಿಂದ ಬಲಕ್ಕೆ ಬೆರಳಿನಿಂದ ಓದುವರು. ಚುಚ್ಚುವ ಮೊನೆಯು ಅವನ ಕಣ್ಣನ್ನು ತೆಗೆದುಕೊಂಡಿತು. ಚುಚ್ಚುವ ಮೊನೆಯಿಂದಲೇ ಅವನು ಅನೇಕರಿಗೆ ವಿದ್ಯೆಯನ್ನು ಕೊಟ್ಟನು.

ಮುಂದೆ ಅವನು ಅದೇ ಶಾಲೆಯಲ್ಲಿ ಉಪಾಧ್ಯಾಯನಾದನು. ದೇವಾಲಯದಲ್ಲಿ ಆರ್ಗನ್ ವಾದ್ಯವನ್ನೂ ನುಡಿಸುತ್ತಿದ್ದನು. ಆದರೆ ಶಾಲೆಯ ಮುಖ್ಯಸ್ಥನು ಕೆಲವು ಕಾಲ ಈ ಲಿಪಿಯನ್ನು ನಿಷೇಧಿಸಿದನು. ಮಕ್ಕಳು ಗುಟ್ಟಾಗಿ ಅದರಲ್ಲೇ ಬರೆಯುತ್ತಿದ್ದರು. ಬ್ರೈಲನು ಕ್ಷಯರೋಗದಿಂದ ಸೊರಗಿ 1852ನೆಯ ಜನವರಿ 6ರಲ್ಲಿ ತೀರಿಕೊಂಡನು. ಫ್ರಾನ್ಸ್ ದೇಶವು ಅವನ ಲಿಪಿಯನ್ನು ಅಂಗೀಕರಿಸಿದ್ದು 1854ರಲ್ಲಿ. ಅದನ್ನು ನೋಡಲು ಅವನಿರಲಿಲ್ಲ.

1951ರಲ್ಲಿ ಭಾರತದ ಭಾಷೆಗಳಿಗೆಲ್ಲಾ ಒಂದೇ ಬ್ರೈಲ್ ಕ್ರಮವು ಏರ್ಪಟ್ಟಿತು. ಎಡಸಾಲಿನ ಮೇಲಣ ಚುಕ್ಕಿಯೊಂದೇ ಇದ್ದರೆ ನಮ್ಮ ಅಕಾರ. ಅದಕ್ಕೆ ಅದೇ ಸಾಲಿನ ಕೆಳಗಣ ಚುಕ್ಕಿ ಸೇರಿದರೆ ಕಕಾರ. ಈಗ ಬೆರಳ ಕೆಳಗೆ ಚುಕ್ಕಿಗಳು ತಾವೇ ಏಳುತ್ತಾ ಇಳಿಯುತ್ತಾ ಇರುವ ಯಂತ್ರಗಳೂ, ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಫೋನುಗಳೂ ಉಂಟು. ಕೇಳಿ ಕಲಿಯುವದು ಒಳ್ಳೇದೇ. ಆದರೆ ಅಕ್ಷರಗಳನ್ನು ತಪ್ಪಿಲ್ಲದೆ ಕೂಡಿಸಿ ಬರೆಯಬೇಕಾದರೆ ಬೆರಳೂ ಓದಬೇಕು.

ಮೈಸೂರಿನಲ್ಲಿ 1901ರಲ್ಲಿಯೇ ಅಂಧ ಮಕ್ಕಳಿಗೂ ಕಿವುಡ ಮಕ್ಕಳಿಗೂ ಶಾಲೆಯು ಆರಂಭವಾಯಿತು. ಶ್ರೀರಂಗಪಟ್ಟಣದಿಂದ ಅದು ದೂರವಲ್ಲ. ಆದದರಿಂದ ಪ್ರಿಯರೇ, ನಿಮ್ಮ ಬೀದಿಯಲ್ಲಿ ಕಣ್ಣಿಲ್ಲದ ಮಗುವಿದ್ದರೆ ಅದರ ತಂದೆತಾಯಿಗಳಿಗೆ ಈ ಚರಿತ್ರೆಯನ್ನು ಓದಿ ಹೇಳಿರಿ. ಕೂವ್ರೇ ಹಳ್ಳಿಯ ಆ ಚರ್ಮದ ಕೆಲಸದವನು ಮಗನನ್ನು ಮನೆಯಲ್ಲೇ ಇಟ್ಟುಕೊಂಡಿದ್ದರೆ ಏನಾಗುತ್ತಿತ್ತೆಂದು ಅವರು ಯೋಚಿಸಲಿ.