ಯಕೃತ್ತಿನ ವಿಟಮಿನ್ ಮತ್ತು ಸುಬ್ಬರಾವ್

ಶಿಲ್ಪಿಗಳ ಊರೆಂದು ಹೆಸರಾದ ಮಾಲೂರು ತಾಲ್ಲೂಕಿನ ಶಿವಾರಪಟ್ಟಣವಾಗಲಿ, ರಾಜಧಾನಿ ಬೆಂಗಳೂರಾಗಲಿ, ಸ್ಕ್ಯಾನಿಂಗ್ ವರದಿಯಲ್ಲಿ ಫ್ಯಾಟಿ ಲಿವರ್ ಎಂದು ಕಂಡ ಕೂಡಲೇ ವಿಟಮಿನ್ ಮಾತ್ರೆಗಳತ್ತ ಕೈಚಾಚುವವರಿದ್ದಾರೆ. ಅಂಥ ಮಾತ್ರೆಗಳಲ್ಲಿ ಸಾಮಾನ್ಯವಾಗಿರುವ ಫೋಲಿಕ್ ಆಮ್ಲದ ಹಿಂದೆ ನೆರೆಯ ಆಂಧ್ರದ ವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾವ್ ಅವರ ಬದುಕಿದೆ. ವಿಟಮಿನ್‌ನ ಶಕ್ತಿ ಎಷ್ಟು, ಮಿತಿ ಎಲ್ಲಿ ಎಂಬುದನ್ನು ಆ ಬದುಕಿನ ಸಾಧನೆಗಳೇ ತಿಳಿಸುತ್ತವೆ.

1895ರ ಜನವರಿ 12ರಂದು ಭೀಮಾವರದ ಬಡ ಕುಟುಂಬದಲ್ಲಿ ಸುಬ್ಬರಾವ್ ಜನಿಸಿದರು. ಮೆಟ್ರಿಕ್ಯುಲೇಷನ್ ತೇರ್ಗಡೆಯಾದದ್ದು ಮೂರನೆಯ ಪ್ರಯತ್ನದಲ್ಲಿ. ಮದ್ರಾಸ್ ವೈದ್ಯಕೀಯ ಕಾಲೇಜಿನಲ್ಲಿ ಖಾದಿ ಧರಿಸಿದ್ದು ಶಸ್ತ್ರಚಿಕಿತ್ಸಾ ಪ್ರಾಧ್ಯಾಪಕರಿಗೆ ಹಿಡಿಸಲಿಲ್ಲ. ಪೂರ್ಣ ಎಂಬಿಬಿಎಸ್ ಬದಲು ಕೆಳದರ್ಜೆಯ ಎಲ್‌ಎಂಎಸ್ ಮಾತ್ರ ದೊರೆಯಿತು. ಇಬ್ಬರು ಸಹೋದರರು ಕೆಲವೇ ದಿನಗಳ ಅಂತರದಲ್ಲಿ ಸ್ಪ್ರೂ ಎಂಬ ಕರುಳಿನ ಕಾಯಿಲೆಗೆ ಬಲಿಯಾದರು. ಸ್ವತಃ ಅವರೂ ಅದೇ ರೋಗಕ್ಕೆ ತುತ್ತಾಗಿ, ಆಯುರ್ವೇದ ಚಿಕಿತ್ಸೆಯಿಂದ ಚೇತರಿಸಿಕೊಂಡರು.

1922ರಲ್ಲಿ ಅಮೆರಿಕದ ಬಾಸ್ಟನ್ ತಲುಪಿದ ಅವರು ಆಸ್ಪತ್ರೆಯಲ್ಲಿ ಕೂಲಿ ಕೆಲಸ ಮಾಡುತ್ತಲೇ ಹಾರ್ವರ್ಡ್‌ನಲ್ಲಿ ಅಧ್ಯಯನ ನಡೆಸಿದರು. ರಕ್ತದಲ್ಲಿನ ರಂಜಕವನ್ನು ಅಳೆಯುವ ವಿಧಾನವನ್ನು 1925ರಲ್ಲಿ ಸೈರಸ್ ಫಿಸ್ಕೆ ಅವರೊಂದಿಗೆ ಪ್ರಕಟಿಸಿದರು. ಅದು ಇಂದಿಗೂ ಅವರಿಬ್ಬರ ಹೆಸರಿನಲ್ಲೇ ಇದೆ.

1940ರಲ್ಲಿ ಲೆಡರ್ಲೆ ಪ್ರಯೋಗಾಲಯ ಸೇರಿದ ನಂತರವೂ ಅವರ ಗಮನ ಯಕೃತ್ತಿನತ್ತ ಇತ್ತು. ಅಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಫೋಲಿಕ್ ಆಮ್ಲವನ್ನು ಅವರ ತಂಡ ಬೇರ್ಪಡಿಸಿ, 1945ರಲ್ಲಿ ಕೃತಕವಾಗಿ ತಯಾರಿಸಿತು. ಸಹೋದರರ ಪ್ರಾಣ ತೆಗೆದ ಸ್ಪ್ರೂ ರೋಗಕ್ಕೆ ಅದು ಮದ್ದಾಯಿತು. ಆದರೆ ಅದನ್ನು ನೋಡಲು ಸಹೋದರರಿರಲಿಲ್ಲ.

ಮಿತಿಯೂ ಬೇಗನೆ ಗೋಚರಿಸಿತು. ಬಿ12 ಕೊರತೆಯಿರುವವರಿಗೆ ಫೋಲಿಕ್ ಆಮ್ಲವನ್ನಷ್ಟೇ ಕೊಟ್ಟರೆ ರಕ್ತಹೀನತೆ ಸರಿಹೋದಂತೆ ಕಂಡರೂ ನರಗಳ ಹಾನಿ ಮುಂದುವರಿಯುತ್ತಿತ್ತು. ಫೋಲಿಕ್ ಆಮ್ಲದ ಕಾರ್ಯವನ್ನು ತಡೆಯುವ ಅಮಿನೋಪ್ಟೆರಿನ್ ಸಹ ಅವರ ತಂಡದ್ದೇ ಕೊಡುಗೆ. ಅದನ್ನು ಬಳಸಿ ಸಿಡ್ನಿ ಫಾರ್ಬರ್ 1948ರಲ್ಲಿ ರಕ್ತ ಕ್ಯಾನ್ಸರ್ ಪೀಡಿತ ಮಕ್ಕಳಲ್ಲಿ ತಾತ್ಕಾಲಿಕ ಚೇತರಿಕೆ ಸಾಧಿಸಿದರು. ಅದೇ ಬಗೆಯ ಮೆಥೊಟ್ರೆಕ್ಸೇಟ್ ಔಷಧಿಯ ದೀರ್ಘ ಬಳಕೆಯಿಂದ ಯಕೃತ್ತಿನಲ್ಲಿ ಕೊಬ್ಬು ಸೇರಬಹುದು. ಹೀಗಾಗಿ ಸಂಧಿವಾತಕ್ಕೆ ಅದನ್ನು ಸೇವಿಸುವವರಿಗೆ ವೈದ್ಯರು ಫೋಲಿಕ್ ಆಮ್ಲವನ್ನೂ ಕೊಡುತ್ತಾರೆ.

ಹಾಗೆಂದು ಎಲ್ಲ ಕೊಬ್ಬಿನ ಯಕೃತ್ತಿಗೂ ವಿಟಮಿನ್ ಮದ್ದಲ್ಲ. ಮಧುಮೇಹವಿಲ್ಲದ, ಯಕೃತ್ತಿನಲ್ಲಿ ಉರಿಯೂತವಿದ್ದ ರೋಗಿಗಳಿಗೆ ದಿನಕ್ಕೆ 800 ಯೂನಿಟ್ ವಿಟಮಿನ್ ಇ ಕೊಟ್ಟ ಅಮೆರಿಕದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. 96 ವಾರಗಳಲ್ಲಿ ಕೊಬ್ಬು, ಉರಿಯೂತ ತಗ್ಗಿದವು; ಗಾಯದ ಕಲೆ ಗಣನೀಯವಾಗಿ ಕಡಿಮೆಯಾಗಲಿಲ್ಲ. ವಿಟಮಿನ್ ಎ, ನಿಯಾಸಿನ್ ಅತಿಯಾದರೆ ಯಕೃತ್ತಿಗೇ ಹಾನಿ. ತೂಕ ಹೆಚ್ಚಿರುವವರು ಶೇ 7ರಿಂದ 10ರಷ್ಟು ಇಳಿಸಿಕೊಳ್ಳುವುದೇ ಇಂದಿಗೂ ಮೊದಲ ಚಿಕಿತ್ಸೆ.

ಆನೆಕಾಲು ರೋಗದ ಔಷಧಿ ಹೆಟ್ರಜಾನ್ ಹಾಗೂ ಆರಿಯೋಮೈಸಿನ್ ಪ್ರತಿಜೀವಕ ಹೊರಬಂದದ್ದೂ ಸುಬ್ಬರಾವ್ ನಿರ್ದೇಶನದ ಸಂಶೋಧನಾ ವಿಭಾಗದಿಂದಲೇ. 1948ರ ಆಗಸ್ಟ್‌ನಲ್ಲಿ, 53ನೇ ವಯಸ್ಸಿಗೆ ಅವರು ನಿಧನರಾದರು. ಅಂಚೆ ಇಲಾಖೆ 1995ರಲ್ಲಿ ಅವರ ಸ್ಮರಣಾರ್ಥ ಅಂಚೆಚೀಟಿ ಹೊರತಂದಿತು. ಕೊರತೆ ಏನೆಂದು ಮೊದಲು ಅರಿತು, ಬಳಿಕ ಮದ್ದು ಹುಡುಕಿದ್ದು ಅವರ ಮಾರ್ಗ. ವೈದ್ಯರನ್ನು ಕೇಳದೆ ಮಾತ್ರೆ ನುಂಗುವವರು ಮರೆಯುವುದು ಇದನ್ನೇ.