ಎಸಿ ಹುಟ್ಟಿದ್ದು ಸೆಕೆಗಲ್ಲ, ತೇವಕ್ಕೆ

ಜುಲೈ ತಿಂಗಳಲ್ಲಿ ಮೂಡಿಗೆರೆ, ಕಳಸದ ಕಡೆ ಸೆಕೆ ಎಂಬ ಮಾತೇ ಇರುವುದಿಲ್ಲ. ಆದರೂ ಕರಿದ ಹಪ್ಪಳ ನೋಡನೋಡುತ್ತಲೇ ಮೆತ್ತಗಾಗುತ್ತದೆ, ಬೀರುವಿನಲ್ಲಿಟ್ಟ ಬೆಲ್ಟಿಗೆ ಬೂಷ್ಟು ಹಿಡಿಯುತ್ತದೆ, ಕಣದಲ್ಲಿ ಒಣಗಿಸಿ ಗೋದಾಮಿಗೆ ಹಾಕಿದ ಕಾಫಿ ಮತ್ತೆ ತೇವ ಎಳೆದುಕೊಳ್ಳುತ್ತದೆ. ಎಸಿ ತಂಪು ಮಾಡುವ ಯಂತ್ರ, ಇಂಥ ಊರಿಗೆ ಅದೇಕೆ ಎನ್ನುವವರೇ ಹೆಚ್ಚು. ಆದರೆ ಅದನ್ನು ರೂಪಿಸಿದ ವಿಲ್ಲಿಸ್ ಕ್ಯಾರಿಯರ್ ಮೊದಲು ಬಗೆಹರಿಸಿದ್ದು ಮಲೆನಾಡಿನ ಈ ತೊಂದರೆಯಂಥದ್ದನ್ನೇ.

ಕ್ಯಾರಿಯರ್ 1876ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಅಂಗೋಲಾ ಎಂಬಲ್ಲಿ, ರೈತರ ಮನೆಯಲ್ಲಿ ಹುಟ್ಟಿದರು. ಚಿಕ್ಕಂದಿನಲ್ಲಿ ಭಿನ್ನರಾಶಿ ತಲೆಗೆ ಹತ್ತದಿದ್ದಾಗ ತಾಯಿ ಸೇಬು ಹೆಚ್ಚಿ ಕಲಿಸಿದರಂತೆ. 1901ರಲ್ಲಿ ಕಾರ್ನೆಲ್‌ನಲ್ಲಿ ಎಂಜಿನಿಯರಿಂಗ್ ಮುಗಿಸಿ, ಬಫಲೋ ಫೋರ್ಜ್ ಕಂಪನಿಗೆ ಸೇರಿದರು.

ಮರುವರ್ಷ ಬ್ರೂಕ್ಲಿನ್‌ನ ಮುದ್ರಣಾಲಯವೊಂದರ ಸಮಸ್ಯೆ ಅವರ ಮೇಜಿಗೆ ಬಂತು. ಒಂದೇ ಕಾಗದದ ಮೇಲೆ ಬಣ್ಣಗಳನ್ನು ಒಂದಾದ ಮೇಲೊಂದು ಒತ್ತಬೇಕು. ಗಾಳಿಯಲ್ಲಿ ತೇವ ಏರಿದರೆ ಕಾಗದ ಹಿಗ್ಗುತ್ತದೆ, ಇಳಿದರೆ ಕುಗ್ಗುತ್ತದೆ. ಬಣ್ಣ ಜಾಗ ತಪ್ಪಿ ಚಿತ್ರ ಕೆಡುತ್ತಿತ್ತು. ಕ್ಯಾರಿಯರ್ ತಣ್ಣೀರು ಹರಿಯುವ ಕೊಳವೆಗಳ ಮೇಲೆ ಫ್ಯಾನಿನಿಂದ ಗಾಳಿ ಹಾಯಿಸಿದರು. ತಣ್ಣನೆ ಲೋಟದ ಹೊರಮೈ ಬೆವರುವಂತೆ ಗಾಳಿಯ ತೇವ ಕೊಳವೆಯ ಮೇಲೆ ನೀರಾಗಿ ಇಳಿಯಿತು.

ಅದೇ ವರ್ಷದ ಕೊನೆಗೆ, ಪಿಟ್ಸ್‌ಬರ್ಗ್ ರೈಲು ನಿಲ್ದಾಣದಲ್ಲಿ ಗಾಡಿಗೆ ಕಾಯುತ್ತಿದ್ದಾಗ ದಟ್ಟ ಮಂಜು ಕವಿದಿತ್ತು. ಚಾರ್ಮಾಡಿ ಘಾಟಿಯಲ್ಲಿ ನಾವು ಅಂಥ ಮಂಜನ್ನು ಬೈದುಕೊಂಡೇ ದಾಟುತ್ತೇವೆ. ಕ್ಯಾರಿಯರ್ ಅದರಲ್ಲಿ ಲೆಕ್ಕ ಕಂಡರು. ಮಂಜು ಎಂದರೆ ಇನ್ನು ತೇವ ಹಿಡಿಯಲಾರದಷ್ಟು ತುಂಬಿದ ಗಾಳಿ. ಆದರೆ ಅದು ತಣ್ಣಗಿದ್ದರೆ, ತುಂಬಿದ್ದರೂ ಅದರೊಳಗಿನ ನೀರು ಕಡಿಮೆಯೇ. 10 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿಯುವುದು ಸುಮಾರು 9 ಗ್ರಾಂ ನೀರಾವಿ; 20 ಡಿಗ್ರಿಯಲ್ಲಿ ಸುಮಾರು 17 ಗ್ರಾಂ. ಹಾಗಾಗಿ 10 ಡಿಗ್ರಿಯ ಮಂಜುಗಾಳಿಯನ್ನು 20 ಡಿಗ್ರಿಗೆ ಬೆಚ್ಚಗೆ ಮಾಡಿದರೆ ಅದರ ಆರ್ದ್ರತೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ಅಂದರೆ ತಣ್ಣೀರು ಸಿಂಪಡಿಸಿಯೇ ಗಾಳಿಯನ್ನು ಒಣಗಿಸಬಹುದು! ಪಂಪು, ನೀರು ಚಿಮ್ಮಿಸುವ ಮೂತಿಗಳು, ಹನಿಗಳನ್ನು ತಡೆಯುವ ತಗಡುಗಳು, ಫ್ಯಾನು: ಇಷ್ಟಿದ್ದ ಯಂತ್ರಕ್ಕೆ 1906ರಲ್ಲಿ ಪೇಟೆಂಟ್ ಸಿಕ್ಕಿತು. 1911ರಲ್ಲಿ ಉಷ್ಣತೆ, ಆರ್ದ್ರತೆ, ಇಬ್ಬನಿ ಬಿಂದುಗಳ ನಂಟನ್ನು ಸೂತ್ರಕ್ಕಿಳಿಸಿದರು. ನನ್ನ ಮಟ್ಟಿಗೆ ಯಂತ್ರಕ್ಕಿಂತ ದೊಡ್ಡದು ಈ ಕೆಲಸವೇ. ಎಂಜಿನಿಯರುಗಳು ಇಂದಿಗೂ ಬಳಸುವ ನಕ್ಷೆಗೆ ಬುನಾದಿ ಅದು.

1915ರಲ್ಲಿ ಏಳು ಎಂಜಿನಿಯರುಗಳು ಕೂಡಿ ಸ್ವಂತ ಕಂಪನಿ ಕಟ್ಟಿದರು. 1922ರಲ್ಲಿ ಬಂದ ಅವರ ಸೆಂಟ್ರಿಫ್ಯೂಗಲ್ ಚಿಲ್ಲರ್ ದೊಡ್ಡ ಕಟ್ಟಡಗಳಿಗೆ ತಣ್ಣೀರು ಒದಗಿಸಿತು. ಸಿನಿಮಾ ಮಂದಿರಗಳಿಗೆ ತಂಪು ಬಂದದ್ದರಿಂದ ಜನ ಯಂತ್ರದ ಮೊದಲ ಕೆಲಸವನ್ನೇ ಮರೆತರು. ಕ್ಯಾರಿಯರ್ 1950ರಲ್ಲಿ ತೀರಿಕೊಂಡರು.

ಈಗ ನಮ್ಮ ಮನೆಗೆ ಬನ್ನಿ. ಮಳೆಗಾಲದ ಕಳಸದಲ್ಲಿ ಏರ್ ಕೂಲರ್ ಹಾಕಿದರೆ ತೇವ ಮತ್ತಷ್ಟು ಏರುತ್ತದೆ. ಎಸಿ ತೇವ ತೆಗೆಯುತ್ತದೆ, ಜೊತೆಗೆ ಕೋಣೆಯನ್ನೂ ನಡುಗಿಸುತ್ತದೆ. ಡಿಹ್ಯೂಮಿಡಿಫೈಯರ್ ಎಂಬ ಪೆಟ್ಟಿಗೆಯಲ್ಲಿ ಗಾಳಿ ಮೊದಲು ತಣ್ಣನೆ ಸುರುಳಿಯನ್ನು, ಆಮೇಲೆ ಬಿಸಿ ಸುರುಳಿಯನ್ನು ದಾಟುತ್ತದೆ, ಕ್ಯಾರಿಯರ್ ಲೆಕ್ಕದಂತೆಯೇ. ಕಿಟಕಿ ಮುಚ್ಚಿಡಿ, ಜಾಲರಿಯ ಧೂಳು ತೆಗೆಯುತ್ತಿರಿ. ಗಾಳಿ ಸರಾಗವಾಗಿ ಹರಿಯದಿದ್ದರೆ ಸುರುಳಿಯ ಮೇಲೆ ಹಿಮ ಕಟ್ಟುತ್ತದೆ. ತೊಟ್ಟಿ ತುಂಬಿದರೆ ನೀರು ಚೆಲ್ಲಿ ಬನ್ನಿ. ಅದು ನಿಮ್ಮ ಕೋಣೆಯ ಗಾಳಿಯಲ್ಲೇ ಇದ್ದ ನೀರು.